ಎಳನೀರು ಕುಡಿಸಿದವರು

ನಮ್ಮ ಎದುರು ಮನೆಯ ಹುಡುಗ ತೆಂಗಿನ ಮರ ಹತ್ತುವವನು. ಹುಡುಗ ಎಂದರೆ ಮೂವತ್ತು ದಾಟಿದವನು, ಎರಡು ಹೆಣ್ಣುಮಕ್ಕಳ ಅಪ್ಪ. ನನಗೆ ಎಪ್ಪತ್ತರ ಮೇಲಾಗಿದೆ, ನನ್ನ ಕಣ್ಣಿಗೆ ಎಲ್ಲರೂ ಹುಡುಗರೇ. ನಮ್ಮೂರು ಅರಸೀಕೆರೆಯಿಂದ ಹಳೇಬೀಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಊರಿನ ಅರ್ಧ ತೋಟಗಳಲ್ಲಿ ಕಾಯಿ ಕೆಡವುವವನು ಅವನೇ. ಕೆಲಸದ ನಡುವೆ ಬಾಯಾರಿದರೆ ಅವನು ನೀರು ಕೇಳುತ್ತಿರಲಿಲ್ಲ. ಮರದ ಮೇಲೇ ಒಂದು ಎಳನೀರು ಕೊಚ್ಚಿ ಕುಡಿದು ಬುರುಡೆಯನ್ನು ಕೆಳಗೆ ಎಸೆಯುತ್ತಿದ್ದ. "ಲೋ, ಯಾರ್ದಾದ್ರೂ ತಲೆ ಒಡೀತೀಯ ಕಣೋ" ಎಂದು ನಾನು ಕೆಳಗಿನಿಂದ ಬೈಯುವುದು, ಅವನು ಮೇಲಿನಿಂದ ನಗುವುದು, ಇದು ನಡೆದೇ ಇತ್ತು.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ಅವನ ಪಾದ ಊದತೊಡಗಿತು. ಮರ ಹತ್ತುವವನಿಗೆ ಕಾಲು ನೋವು ಇದ್ದದ್ದೇ ಎಂದು ಯಾರೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆಯನ್ನು ಅವನು ವರ್ಷಗಟ್ಟಲೆ ಕಡಲೆಬೀಜದ ಹಾಗೆ ನುಂಗಿದ್ದ. ಒಂದು ದಿನ ಮುಖವೂ ಊದಿ ಕಣ್ಣು ತೆರೆಯಲಾಗದೆ ಹೋದಾಗ ಹೆಂಡತಿ ಅವನನ್ನು ಅರಸೀಕೆರೆಗೆ ಕರೆದುಕೊಂಡು ಹೋದಳು. ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಬೇಕು, ಬೇರೆ ಕಿಡ್ನಿ ಸಿಗುವವರೆಗೂ ಹೀಗೇ, ಸಿಗದಿದ್ದರೆ ಇರುವಷ್ಟು ದಿನವೂ ಹೀಗೇ ಎಂದು ಹೇಳಿ ಕಳಿಸಿದರು. ರಕ್ತದೊತ್ತಡ ಇತ್ತಂತೆ, ಅವನಿಗೇ ಗೊತ್ತಿರಲಿಲ್ಲ. ಮಾತ್ರೆಗಳೂ ಅದಕ್ಕೆ ಕೈ ಜೋಡಿಸಿದ್ದವಂತೆ.

ಸುದ್ದಿ ಹಬ್ಬಿದ ಮೇಲೆ ಊರು ಸುಮ್ಮನೆ ಕೂರಲಿಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಪೇಟೆಯವರು ಸೇಬು, ಬ್ರೆಡ್ಡು ಒಯ್ಯುತ್ತಾರೆ, ನಾವು ಎಳನೀರು ಒಯ್ಯುತ್ತೇವೆ. ಜ್ವರ ಬಂದರೆ ಎಳನೀರು, ವಾಂತಿಯಾದರೆ ಎಳನೀರು, ಉರಿಮೂತ್ರಕ್ಕೆ ಎಳನೀರು. ಏನೂ ಸೇರದವನಿಗೂ ಅದು ಸೇರುತ್ತದೆ ಎಂದು ನಂಬಿ ಬದುಕಿದ ಜನ. ಮೂರೇ ದಿನದಲ್ಲಿ ಅವನ ಜಗಲಿಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಗೊನೆಗಳು ಬಿದ್ದಿದ್ದವು. ಅದರಲ್ಲಿ ನಮ್ಮ ತೋಟದ್ದೂ ಒಂದು.

ಎರಡು ವಾರ ಕಳೆದ ಮೇಲೆ ಅವನ ಹೆಂಡತಿ ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಕೊಟ್ಟದ್ದು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಆ ಕಾಗದಕ್ಕೆ ಓದು ಬೇಕಿರಲಿಲ್ಲ. ಬಾಳೆಹಣ್ಣು, ಕಿತ್ತಳೆ, ಟೊಮೇಟೊ, ಒಂದೊಂದರ ಚಿತ್ರದ ಮೇಲೂ ಕೆಂಪು ಗೀಟು ಎಳೆದಿದ್ದರು. ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ, ಕೊಳವೆ ಸಿಕ್ಕಿಸಿದ ಎಳನೀರಿನ ಚಿತ್ರ. ಅದಕ್ಕೆ ಎರಡು ಗೀಟು.

"ಅದ್ರಲ್ಲಿ ಏನೋ ಒಂಥರಾ ಉಪ್ಪೈತಂತೆ ಅಜ್ಜಿ," ಎಂದಳು. "ನಮ್ಗಾದ್ರೆ ಕಿಡ್ನಿ ಆಚೆಗ್ ಹಾಕ್ತದಂತೆ. ಇವ್ರಿಗೆ ರಕ್ತದಲ್ಲೇ ನಿಂತ್ಕಂಡು ಎದೆಬಡಿತ ನಿಲ್ಲಿಸ್ಬುಡ್ತದಂತೆ. ನೀರೂ ಅಷ್ಟೆ, ದಿನಕ್ಕೆ ಒಂದು ಸಣ್ಣ ಬಾಟ್ಲಿ."

"ಜಗಲಿ ಮೇಲಿರೋದ್ನೆಲ್ಲ ಏನ್ ಮಾಡ್ದೆ?"

"ಮಕ್ಳು ಕುಡ್ದು ಕುಡ್ದು ರಾತ್ರಿಯೆಲ್ಲ ಎದ್ದೆದ್ದು ಓಡ್ತಾವೆ. ಮೂಲೆಮನೆ ಅಕ್ಕನ್ಗೆ ವಾಪಸ್ ಕೊಡಾಕೋದೆ. 'ನಮ್ ತೋಟದ್ ಕಾಯಿ ಅಂದ್ರೆ ಇಷ್ಟು ಸದರ ಆಯ್ತೇನೆ?' ಅಂತ ಮಕ ತಿರುಗಿಸ್ಕೊಂಡ್ರು."

ಅವಳು ಬಂದದ್ದು ಎಳನೀರಿನ ಮಾತಿಗಲ್ಲ. ಅರಸೀಕೆರೆಯ ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಏಳಕ್ಕೆ ಕ್ರಾಸಿಗೆ ವ್ಯಾನು ಬರುತ್ತದೆ. ಗಂಡ ಮರ ಹತ್ತುವುದು ನಿಂತ ಮೇಲೆ ಮನೆಗೆ ಅವಳೊಬ್ಬಳ ದುಡಿಮೆಯೇ ಗತಿ. ರೇಷನ್ ಕಾರ್ಡಿನ ಮೇಲೆ ಡಯಾಲಿಸಿಸ್ ಉಚಿತ. ಆದರೆ ಮಂಗಳವಾರ, ಗುರುವಾರ, ಶನಿವಾರ ಒಬ್ಬರು ಜೊತೆಗೆ ಹೋಗಬೇಕು, ನಾಲ್ಕು ಗಂಟೆ ಕಾಯಬೇಕು, ತಲೆ ಸುತ್ತುವವನನ್ನು ಹಿಡಿದುಕೊಂಡು ಬಸ್ಸಿಗೆ ಹತ್ತಿಸಿ ತರಬೇಕು. ಎರಡು ವಾರ ಅವಳೇ ರಜೆ ಹಾಕಿ ಹೋಗಿದ್ದಳು. ಇನ್ನೊಂದು ದಿನ ತಪ್ಪಿಸಿದರೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಹೇಳಿದ್ದಳಂತೆ. ಅವನ ತಾಯಿ ಇರುವುದು ಮಗಳ ಮನೆಯಲ್ಲಿ, ಸಕ್ಕರೆ ಕಾಯಿಲೆ, ಕಣ್ಣು ಕಾಣುವುದಿಲ್ಲ. ಇವಳ ತವರು ಗೆಂಡೆಹಳ್ಳಿ. ಅಲ್ಲಿ ಇರುವ ಒಬ್ಬ ಅಣ್ಣನಿಗೆ ಅವನ ಸಂಸಾರವೇ ಸಾಕಾಗಿದೆ.

"ಕೆಲ್ಸ ಬುಟ್ರೆ ಮಕ್ಳ ಹೊಟ್ಟೆ. ಬುಡ್ದಿದ್ರೆ ಇವ್ರ ಪ್ರಾಣ. ನೀವೇ ಹೇಳಿ ಅಜ್ಜಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಕಳಿಸುತ್ತಿದ್ದೆನೋ ಏನೋ.

ಮಾರನೆಯ ಬೆಳಿಗ್ಗೆ ನಾನು ಹಾಲಿನ ಡೈರಿಯ ಮುಂದೆ ಹೋಗಿ ನಿಂತೆ. ಊರಿನಲ್ಲಿ ಕರೆಯದೆ ಎಲ್ಲ ಮನೆಯವರೂ ಸೇರುವ ಜಾಗ ಅದೊಂದೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಎಲ್ಲಿಗೂ ಓಡಿಹೋಗುವಂತಿಲ್ಲ.

"ಎಲ್ಲ ಕೇಳ್ರಪ್ಪ," ಎಂದೆ. "ಆ ಹುಡ್ಗ ನಿಮ್ಮೆಲ್ರ ಮರ ಹತ್ತವ್ನೆ. ಮುಯ್ಯಾಳು ಅಂತ ತಿಳ್ಕಳಿ. ಅವ್ನು ನಿಮ್ ತೋಟದಲ್ ಗೇಯ್ದದ್ದಕ್ಕೆ ನೀವೊಂದ್ ದಿನ ಅವ್ನ ಜೊತೆ ಅರಸೀಕೆರೆಗೆ ಹೋಗ್ಬೇಕು. ಮೂರು ಜನ ಸಾಕು. ಯಾರ್ ಬತ್ತೀರ?"

ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವುದು, ಆಮೇಲೆ ಅವರು ಇವರ ಹೊಲಕ್ಕೆ ಬಂದು ತೀರಿಸುವುದು, ಅದೇ ಮುಯ್ಯಾಳು. ಈಗ ಟ್ರಾಕ್ಟರು ಬಂದ ಮೇಲೆ ಅದೆಲ್ಲ ಕಮ್ಮಿ. ಆದರೂ ಆ ಮಾತಿಗೆ ಇಲ್ಲ ಎನ್ನುವುದು ಸುಲಭವಲ್ಲ.

"ಕೂಲಿ ಈಸ್ಕಂಡೇ ಹತ್ತಿದ್ನಲ್ಲಜ್ಜಿ, ಪುಗಸಟ್ಟೆ ಹತ್ತಿದ್ನಾ?" ಎಂದು ಸಾಲಿನ ಹಿಂದಿನಿಂದ ಒಬ್ಬ ಅಂದ.

"ನಿಮ್ಮಪ್ಪನ ತಿಥಿ ದಿನ ಮಳೇಲಿ ಹತ್ತಿ ಕಾಯಿ ಕೆಡವ್ಕೊಟ್ನಲ್ಲ, ಅದ್ಕೆ ಏನ್ ಕೊಟ್ಟೆ? ವಡೆ ಕೊಟ್ಟೆ. ಅದೂ ಸೀದಿತ್ತು."

ಜನ ನಕ್ಕರು. ನಕ್ಕ ಮೇಲೆ ಕೆಲಸ ಸುಲಭ. ಮಂಗಳವಾರಕ್ಕೆ ನಿವೃತ್ತ ಮೇಷ್ಟ್ರು ಒಪ್ಪಿದರು, ಅವರಿಗೆ ಹೇಗೂ ಅರಸೀಕೆರೆಯಲ್ಲಿ ಪೇಪರು ಓದುವ ಚಟ. ಗುರುವಾರಕ್ಕೆ ಡೈರಿಯ ಕಾರ್ಯದರ್ಶಿ. ಶನಿವಾರಕ್ಕೆ ಯಾರೂ ಬಾಯಿ ಬಿಡಲಿಲ್ಲ. ನಾನು ನನ್ನ ಮಗನ ಕಡೆ ನೋಡಿದೆ. ಅವನು ನೆಲ ನೋಡಿದ.

"ಶನಿವಾರ ನಮ್ಮನೇದು," ಎಂದೆ.

ಮೂವರನ್ನೂ ಜಗಲಿಯ ಮೇಲೆ ಕೂರಿಸಿ ಕಾಗದ ತೋರಿಸಿದೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. ಹೊರಗಿನದು ಏನೂ ಕೊಡಬಾರದು, ಎಳನೀರಂತೂ ತೊಟ್ಟೂ ಕೂಡದು ಎಂದು ನಾನು ಮೂರು ಸಲ ಹೇಳಿದೆ. ಮೂವರೂ ತಲೆ ಆಡಿಸಿದರು. ಕಾಗದವನ್ನು ಅವನ ಮನೆಯ ಬಾಗಿಲಿಗೆ ಅನ್ನದ ಅಂಟಿನಲ್ಲಿ ಅಂಟಿಸಿದೆ. ಊರು ಗೊಣಗಿತು. ತೆಂಗಿನ ಸೀಮೆಯಲ್ಲಿ ಹೊಸ್ತಿಲ ಮೇಲೆ ಎಳನೀರಿಗೆ ಗೀಟು ಹಾಕಿಟ್ಟರೆ ಮನೆಗೆ ಒಳ್ಳೆಯದಾಗುತ್ತದೆಯೇ ಎಂದು ಮೂಲೆಮನೆಯವಳು ನನ್ನ ಮುಖದ ಮೇಲೇ ಕೇಳಿದಳು. "ಒಳ್ಳೇದಾಗೋದು ಆಮೇಲಿರ್ಲಿ, ಮೊದ್ಲು ಉಸಿರಾಡ್ಲಿ" ಎಂದೆ.

ಎರಡು ತಿಂಗಳು ಎಲ್ಲವೂ ನಡೆಯಿತು. ಅವಳ ವ್ಯಾನು ತಪ್ಪಲಿಲ್ಲ. ಮಕ್ಕಳು ಶಾಲೆ, ಅಂಗನವಾಡಿ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದವು. ಮೂವರೂ ಒಂದು ವಾರವೂ ತಪ್ಪಿಸಿಕೊಳ್ಳಲಿಲ್ಲ. ನನ್ನ ಮಗ, ತನ್ನ ಹೆಂಡತಿಯ ತವರಿಗೆ ಹೋಗದಿರಲು ನೂರು ನೆಪ ಹೇಳುವವನು, ಶನಿವಾರ ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಸ್ನಾನ ಮಾಡಿ ನಿಂತಿರುತ್ತಿದ್ದ. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಡೈರಿಯ ಮುಂದೆ ನಿಂತು ಹತ್ತು ಮಾತಾಡಿದ್ದಕ್ಕೆ ಒಂದು ಸಂಸಾರ ನಿಂತಿತು ಎಂದುಕೊಂಡು ಎದೆ ಉಬ್ಬಿಸಿ ಓಡಾಡಿದೆ.

ಆಮೇಲೆ ತೂಕದ ರಗಳೆ ನಮ್ಮ ಕಿವಿಗೆ ಬಿತ್ತು.

ಯಂತ್ರಕ್ಕೆ ಹಾಕುವ ಮೊದಲು ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ. ಹೋದ ಸಲಕ್ಕಿಂತ ಎಷ್ಟು ಏರಿದೆಯೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಲೆಕ್ಕ. ಅವನ ತೂಕ ಬಹಳ ದಿನದಿಂದ ಪ್ರತಿಸಲವೂ ಹೆಚ್ಚಿರುತ್ತಿತ್ತಂತೆ. ನರ್ಸು ಫೋನು ಮಾಡಿ ಹೆಂಡತಿಗೆ ಬೈದಳು. ಮನೆಯಲ್ಲಿ ಅವನು ಕದ್ದು ನೀರು ಕುಡಿಯುತ್ತಿದ್ದಾನೆ, ನೀವು ನೋಡುವುದಿಲ್ಲವೇ ಎಂದಳಂತೆ.

ಅವಳು ಮರುದಿನವೇ ಕುಡಿಯುವ ನೀರಿನ ಬಿಂದಿಗೆಯನ್ನು ಹೊತ್ತು ತಂದು ನಮ್ಮ ಅಡುಗೆಮನೆಯಲ್ಲಿಟ್ಟಳು. ಅಡುಗೆಗೆ ಬೇಕಾದಷ್ಟನ್ನು ಮಾತ್ರ ಆಗಾಗ ಬಂದು ಒಯ್ಯುತ್ತಿದ್ದಳು. ಬಚ್ಚಲ ನಲ್ಲಿಯ ವಾಲ್ವು ಹೊರಗಿನಿಂದ ತಿರುಗಿಸಿ ಹೋಗುತ್ತಿದ್ದಳು. ಮಕ್ಕಳು ಬಾಯಾರಿದರೆ ರಸ್ತೆ ದಾಟಿ ನಮ್ಮ ಮನೆಗೆ ಬಂದು ಕುಡಿಯಬೇಕು. ಅವನು ಜಗಲಿಯ ಮೇಲೆ ಕೂತು, ತನ್ನ ಮಕ್ಕಳು ಲೋಟ ಎತ್ತಿ ಕುಡಿಯುವುದನ್ನು ನಮ್ಮ ಬಾಗಿಲಿನೊಳಗೆ ನೋಡುತ್ತಿದ್ದ. ನಾನು ಬಾಗಿಲು ಓರೆ ಮಾಡಿದೆ. ಅದಕ್ಕಿಂತ ಹೆಚ್ಚು ಏನು ಮಾಡಲಿ?

ಆದರೂ ತೂಕ ಇಳಿಯಲಿಲ್ಲ. ಒಂದು ಸಂಜೆ ಎದುರು ಮನೆಯಿಂದ ಹೊಡೆತದ ಸದ್ದು ಕೇಳಿ ಓಡಿದೆ. ಆರು ವರ್ಷದ ದೊಡ್ಡ ಹುಡುಗಿಯ ಕೆನ್ನೆ ಕೆಂಪಾಗಿತ್ತು.

"ಇವ್ಳೇ ಕಣಜ್ಜಿ, ನಿಮ್ಮನೆಯಿಂದ ಬಾಟ್ಲಿಲಿ ತಂದ್ ಕೊಡ್ತಾವ್ಳೆ. ಇನ್ಯಾರ್ ಕೊಡ್ತಾರೆ? ಅಪ್ಪನ್ ಮೇಲೆ ಪ್ರೀತಿ ಇವ್ಳಿಗೆ. ಕೊಂದ್ ಹಾಕೋ ಪ್ರೀತಿ!"

"ನಾನ್ ಕೊಟ್ಟಿಲ್ಲ" ಎಂದಿತು ಮಗು. ಒಂದೇ ಸಲ ಹೇಳಿತು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಬಾಯಿ ತೆರೆದ, ಮುಚ್ಚಿದ. "ಹೊಡೀಬ್ಯಾಡ ಕಣೇ" ಎಂದಷ್ಟೇ ಅಂದ. ನಾನು ಮಗುವನ್ನು ಎತ್ತಿಕೊಂಡು ಬಂದೆ. ನಿಜ ಹೇಳಬೇಕೆಂದರೆ ನನಗೂ ಆ ಮಗುವಿನ ಮೇಲೇ ಅನುಮಾನವಿತ್ತು. ಅದರ ಶಾಲೆಯ ಚೀಲ ತಡಕಿ ನೋಡಿದೆ, ನಾಚಿಕೆಯಿಲ್ಲದೆ.

ಅದಾಗಿ ಹತ್ತು ದಿನಕ್ಕೆ, ಒಂದು ಸೋಮವಾರ ಬೆಳಿಗ್ಗೆ, ಅವಳು ವ್ಯಾನಿಗೆ ಹೊರಡುವ ಹೊತ್ತಿಗೆ ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಕಾಲಿನಲ್ಲಿ ಜೀವವೇ ಇಲ್ಲ. ಕೈ ಎತ್ತಿದರೆ ಬಿದ್ದುಹೋಗುತ್ತಿತ್ತು. ಮಾತು ಸ್ಪಷ್ಟವಿತ್ತು, ಅದೇ ಹೆಚ್ಚು ಹೆದರಿಸಿದ್ದು. "ಅಜ್ಜಿ, ನಂಗೇನೋ ಆಗ್ತೈತೆ, ಎದೆ ಒಂಥರಾ ನಿಂತ್ ನಿಂತ್ ಹೊಡೀತೈತೆ," ಎಂದ. ನನ್ನ ಮಗ ಎಲ್ಲಿಂದಲೋ ಕಾರು ತಂದ. ಅರಸೀಕೆರೆಯಲ್ಲಿ ನೋಡಿದವರು ಏನೋ ಚುಚ್ಚಿ, ತಡಮಾಡದೆ ಹಾಸನಕ್ಕೆ ಹೋಗಿ ಎಂದರು. ಅವಳು ಹಿಂದಿನ ಸೀಟಿನಲ್ಲಿ ಅವನ ತಲೆ ಹಿಡಿದುಕೊಂಡಿದ್ದಳು. ನಾನು ಕಾಲು ಹಿಡಿದುಕೊಂಡಿದ್ದೆ.

ಹಾಸನದಲ್ಲಿ ಒಳಗೆ ಕರೆದುಕೊಂಡು ಹೋಗಿ ಯಂತ್ರಕ್ಕೆ ಹಾಕಿದರು. ಒಂದು ಗಂಟೆಯ ಮೇಲೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದಳು. ಅವಳು ಮೊದಲು ನೋಡಿದ್ದು ಹೆಂಡತಿಯನ್ನೇ.

"ಏನ್ ಕುಡಿಸಿದ್ರಮ್ಮ ಇವ್ರಿಗೆ? ಎಳನೀರು ಕುಡಿಸಿದ್ರಾ?"

"ಇಲ್ಲ ಮೇಡಂ. ದೇವ್ರಾಣೆ ಇಲ್ಲ. ನೀರೂ ಮನೇಲಿಟ್ಟಿಲ್ಲ."

"ಅವ್ರೇ ಹೇಳ್ತಿದಾರೆ ಕುಡ್ದೆ ಅಂತ. ಮೊನ್ನೆ ಎರಡು. ಇನ್ನೊಂದು ಗಂಟೆ ತಡ ಆಗಿದ್ರೆ ಕಷ್ಟ ಇತ್ತು. ಮನೆಯವ್ರೇ ಹಿಂಗ್ ಮಾಡಿದ್ರೆ ನಾವೇನ್ ಮಾಡೋದು ಹೇಳಿ?"

ಮೊನ್ನೆ ಎಂದರೆ ಶನಿವಾರ. ನಾನು ಮಗನ ಕಡೆ ತಿರುಗಿದೆ. ನಲವತ್ತೈದು ವರ್ಷದ ಗಂಡಸು, ಆಸ್ಪತ್ರೆಯ ಕಂಬಕ್ಕೆ ಒರಗಿ ನಿಂತಿದ್ದವನು ಮಗುವಿನ ಹಾಗೆ ಅದರ ಹಿಂದೆ ಸರಿದ.

"ಅವ್ವ, ಮೂರು ಲೀಟ್ರು ನೀರು ಎಳೀತಾರೆ ಅವ್ನ ಮೈಯಿಂದ," ಎಂದ. "ಹೊರಗ್ ಬಂದ್ರೆ ಹಿಂಡಿದ್ ಬಟ್ಟೆ ಆಗಿರ್ತಾನೆ. ನಾಲ್ಗೆ ಒಣಗಿ ಮಾತೇ ಹೊರಡಲ್ಲ. ಬಸ್ ಸ್ಟ್ಯಾಂಡ್ ತಾವ ಎಳ್ನೀರ್ ಗಾಡಿ ನೋಡ್ತಾ ನಿಂತ್ಕೊತಾನೆ. ಹೆಂಗವ್ವ ಬ್ಯಾಡ ಅನ್ಲಿ? ಅಷ್ಟು ತೆಗ್ದವ್ರೆ, ಒಂದ್ ಬುರ್ಡೆ ಹಾಕಿದ್ರೆ ಏನಾಯ್ತದೆ ಅಂತ... ಮೊನ್ನೆ ಬಿಸ್ಲು ಜಾಸ್ತಿ ಇತ್ತು. ಎರಡು ಕುಡ್ಸಿದೆ."

"ಎಷ್ಟ್ ದಿನದಿಂದ?"

"ಮೊದ್ಲನೇ ಶನಿವಾರದಿಂದ."

ಹುಡುಗನ ಹೆಂಡತಿ ಅಲ್ಲೇ ನಿಂತು ಕೇಳುತ್ತಿದ್ದಳು. ಅವಳು ನನ್ನ ಮಗನನ್ನು ಬೈಯಲಿಲ್ಲ. "ಮಗೀಗ್ ಹೊಡ್ದೆನಲ್ಲ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಮಗನಿಗೆ ಕೆನ್ನೆಗೆ ಬಾರಿಸಬೇಕೆಂದು ಕೈ ತುರಿಸಿತು. ಆದರೆ ಒಂದು ಲೆಕ್ಕ ಕೂಡಿ ಬರುತ್ತಿರಲಿಲ್ಲ. ಶನಿವಾರದ್ದಕ್ಕೆ ಮಂಗಳವಾರದ ತೂಕ ಏರಬಹುದು. ಗುರುವಾರ ಯಾಕೆ ಏರಬೇಕು? ಶನಿವಾರ ಯಾಕೆ?

ಮರುದಿನ ಬಸ್ಸು ಹಿಡಿದು ಊರಿಗೆ ಬಂದವಳು ನೇರವಾಗಿ ಮೇಷ್ಟ್ರ ಮನೆಗೆ ಹೋದೆ. ಅವರು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಮೇಷ್ಟ್ರೇ, ಮಂಗಳವಾರ ನೀವ್ ಏನ್ ಕುಡಿಸ್ತಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಪೂರ್ತಿ ಕೊಡ್ತಿರ್ಲಿಲ್ಲಮ್ಮ. ಅರ್ಧ ನಾನು ಕುಡೀತಿದ್ದೆ, ಅರ್ಧ ಅವ್ನು. ವಾರಕ್ಕೊಂದು ಅರ್ಧ ಬುರುಡೆ. ಪ್ರಕೃತಿ ಕೊಟ್ಟಿದ್ದು ಅಷ್ಟು ಕೆಡುಕು ಮಾಡೋಕಿಲ್ಲ ಅಂತ..."

"ಕಾಗ್ದ ಓದಿದ್ದೋರು ನೀವೇ ಅಲ್ವೇನ್ರೀ?"

"ಓದ್ದೆ," ಎಂದರು. "ಡಾಕ್ಟ್ರು ನನ್ಗೂ ಬೆಲ್ಲ ಬೇಡ, ತುಪ್ಪ ಬೇಡ ಅಂತ ಬರ್ದುಕೊಟ್ಟವ್ರೆ. ನಾನು ತಿಂತಾನೇ ಇದೀನಿ. ಇದೂ ಹಂಗೇ ಇರ್ಬೇಕು ಅಂದ್ಕಂಡೆ."

ಡೈರಿಯ ಕಾರ್ಯದರ್ಶಿ ಕೇಳುವ ಮೊದಲೇ ಒಪ್ಪಿಕೊಂಡ. ಅವನದು ಗುರುವಾರಕ್ಕೆ ಒಂದು. "ನಿಮ್ ಬಾಯಿಗ್ ಹೆದ್ರಿ ಹೇಳ್ಲಿಲ್ಲಜ್ಜಿ. ಅವ್ನೂ 'ಅಜ್ಜಿಗ್ ಹೇಳ್ಬ್ಯಾಡಿ' ಅಂದ. ನಾನೊಬ್ನೇ ಕೊಡ್ತಿರೋದು ಅಂತ ತಿಳ್ಕಂಡಿದ್ದೆ."

ಮೂವರೂ ಹಾಗೇ ತಿಳಿದುಕೊಂಡಿದ್ದರು. ಹೆಂಡತಿಯೊಬ್ಬಳೇ ಕರೆದುಕೊಂಡು ಹೋಗುತ್ತಿದ್ದ ಎರಡು ವಾರ ಅವನ ತೂಕ ಸರಿಯಾಗಿತ್ತು. ನಾನು ಹೋಗಿ ಡೈರಿಯ ಮುಂದೆ ಕೂಗಿ, ಮುಯ್ಯಾಳು ಎಂದು ಹೇಳಿ, ಮೂರು ಜನರನ್ನು ಹಚ್ಚಿದ ಮೇಲೆ ಕೆಟ್ಟಿತು. ಮೂವರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ತಮ್ಮ ಪಾಡಿಗೆ ತಾವು ಕಾಫಿ ಕುಡಿದು, ಅವನನ್ನು ಬಸ್ಸಿಗೆ ತಳ್ಳಿ ಕರೆದುಕೊಂಡು ಬರುತ್ತಿದ್ದರು. ಅವನು ನೆಮ್ಮದಿಯಾಗಿ ಇರುತ್ತಿದ್ದ.

ಅವನನ್ನೂ ಬಿಡಲಿಲ್ಲ. ಹಾಸನದಿಂದ ಬಂದ ದಿನ ಜಗಲಿಯಲ್ಲಿ ಕೂತು ಕೇಳಿದೆ.

"ಮಗೀಗ್ ಹೊಡೀವಾಗ್ಲಾದ್ರೂ ಬಾಯ್ ಬಿಡ್ಬಾರ್ದೇನೋ?"

"ಬುಡ್ಬೇಕಿತ್ತು," ಎಂದ. "ಬುಟ್ಟಿದ್ರೆ ನಿಂತೋಗ್ತಿತ್ತಲ್ಲ ಅಜ್ಜಿ."

ಬಾಯಾರಿಕೆ ಎಂದರೆ ಏನು ಎಂದು ಅವನು ಒಂದು ಸಲ ನನಗೆ ಹೇಳಿದ್ದ. ರಾತ್ರಿ ಕನಸಿನಲ್ಲಿಯೂ ಮರ ಹತ್ತುತ್ತೇನೆ, ಕಾಯಿ ಕೊಚ್ಚುತ್ತೇನೆ, ಬಾಯಿಗಿಟ್ಟುಕೊಳ್ಳುವ ಹೊತ್ತಿಗೆ ಎಚ್ಚರಾಗುತ್ತದೆ ಎಂದಿದ್ದ. ನಾನು ಅದನ್ನು ಕೇಳಿ, ಕನಸಲ್ಲಿ ಕುಡಿದರೆ ತೂಕ ಏರುವುದಿಲ್ಲ, ಕುಡಿ ಎಂದು ನಗಾಡಿದ್ದೆ.

ಅವಳು ಸಂಜೆ ಬಂದು ಬಿಂದಿಗೆ ವಾಪಸ್ಸು ಒಯ್ದಳು. "ಇನ್ ಯಾರೂ ಬ್ಯಾಡ ಅಜ್ಜಿ. ನಾನೇ ಹೋಯ್ತೀನಿ," ಎಂದಳು.

"ಕೆಲ್ಸ?"

"ಹೋಗ್ಲಿ."

"ಹೋಗ್ಲಿ ಅಂದ್ರೆ ರಾಗಿ ಮುದ್ದೆ ಮೇಲಿಂದ ಬೀಳ್ತದಾ?"

ಅವಳು ಬಿಂದಿಗೆ ಸೊಂಟಕ್ಕೇರಿಸಿಕೊಂಡು ರಸ್ತೆ ದಾಟಿದಳು. ಊರಿನವರು ಕ್ಷಮೆ ಕೇಳಲು ಬಂದು ಹೋದರು. ಬಂದವರಲ್ಲಿ ಇಬ್ಬರು ಮತ್ತೆ ಎಳನೀರನ್ನೇ ತಂದಿದ್ದರು, ಮಕ್ಕಳಿಗೆ ಎಂದು. ಇನ್ನು ಮೇಲೆ ಖಂಡಿತ ಕೊಡುವುದಿಲ್ಲ, ಶನಿವಾರ ತಾನೇ ಹೋಗುತ್ತೇನೆ ಎಂದು ನನ್ನ ಮಗ ಆಣೆ ಇಟ್ಟ. ನಾನು ಅವನ ಮುಖ ನೋಡಿದೆ. ಇವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಕರು ಅರಚಿದರೆ ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುವವನು. ಎರಡನೇ ವಾರಕ್ಕೇ ಇವನು ಮತ್ತೆ ಗಾಡಿಯ ಮುಂದೆ ನಿಲ್ಲುತ್ತಾನೆ ಎಂದು ನನಗೆ ಗೊತ್ತಿತ್ತು.

ಊರಿನಲ್ಲಿ ಜೊತೆಗೆ ಹೋಗಲು ಬೇಕಾದಷ್ಟು ಜನರಿದ್ದರು. ಬಾಯಾರಿದವನ ಎದುರು ನಿಂತು ಇಲ್ಲ ಎನ್ನಬಲ್ಲವರನ್ನು ಹುಡುಕಿದರೆ ಉಳಿದವಳು ನಾನೊಬ್ಬಳೇ. ಮಂಡಿ ನೋಯುತ್ತದೆ, ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ ಕಂಡಕ್ಟರು ಕೈ ಕೊಡಬೇಕು. ಆದರೂ ಮೂರು ದಿನವೂ ನಾನೇ ಹೋಗುತ್ತೇನೆ, ನೀನು ವ್ಯಾನು ಹತ್ತು ಎಂದು ಅವಳಿಗೆ ಹೇಳಿದೆ. ಅವಳು ನಂಬಲೋ ಬೇಡವೋ ಎಂದು ನನ್ನನ್ನು ನೋಡಿದಳು. ನಂಬದಿದ್ದರೆ ತಪ್ಪೇನಿಲ್ಲ.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತರೆ ಕೇಳಬಾರದ್ದನ್ನೆಲ್ಲ ಕೇಳುತ್ತೇವೆ. ಹೋದ ವಾರ ಪಕ್ಕದ ಹಾಸಿಗೆಯಲ್ಲಿದ್ದವನು ಈ ವಾರ ಬರುವುದಿಲ್ಲ. ಯಾರೂ ಯಾಕೆ ಎಂದು ಕೇಳುವುದಿಲ್ಲ, ಆ ಹಾಸಿಗೆಗೆ ಹೊಸಬರು ಬರುತ್ತಾರೆ. ಹೆಂಡತಿಯ ಕಿಡ್ನಿ ಹೊಂದುವುದಿಲ್ಲ ಎಂದು ಅಷ್ಟರಲ್ಲಿ ತಿಳಿದಿತ್ತು. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ, ಮುಂದೆ ಬಹಳ ಜನರಿದ್ದಾರಂತೆ. ನಾನು ಒಂದು ದಿನ ಡಾಕ್ಟರನ್ನು ತಡೆದು, "ನಂದೊಂದು ತಗಂಡು ಹಾಕಿ, ಎರಡಿದ್ದು ನಾನೇನು ಮಾಡ್ಲಿ" ಎಂದೆ. ವಯಸ್ಸು ಕೇಳಿದರು, ಹೇಳಿದೆ. "ಅಜ್ಜಿ, ನಿಮ್ದು ನಿಮ್ಗೇ ಸಾಲ್ದು" ಎಂದು ನಕ್ಕು ಹೋದರು. ಕೆಟ್ಟ ನಗು ಅಲ್ಲ. ಆದರೂ ಆಮೇಲೆ ಬಹಳ ಹೊತ್ತು ನನ್ನ ಕೈಗಳನ್ನೇ ನೋಡುತ್ತ ಕೂತಿದ್ದೆ. ಬೇಸಾಯ ಮಾಡಿ, ಆರು ಹೆತ್ತು, ಎರಡನ್ನು ಮಣ್ಣು ಮಾಡಿದ ಕೈ. ಇಲ್ಲಿ ಒಂದು ಕೆಲಸಕ್ಕೂ ಬಾರದು.

ಮೊದಲ ವಾರಗಳಲ್ಲಿ ಅವನು ಕೇಳುತ್ತಿದ್ದ. ಬಸ್ ನಿಲ್ದಾಣಕ್ಕೆ ನಡೆಯುವಾಗ ಗಾಡಿ ಬಂದ ಕಡೆ ಕಾಲು ನಿಧಾನ ಮಾಡುತ್ತಿದ್ದ. "ಒಂದ್ ಗುಟ್ಕು ಅಜ್ಜಿ, ಬಾಯಿ ಮುಕ್ಕಳಿಸಿ ಉಗೀತೀನಿ." ನಾನು ಇಲ್ಲ ಎನ್ನುತ್ತಿದ್ದೆ. "ನೀನೊಂದ್ ಕಲ್ಲು ಕಣಜ್ಜಿ." ಹೌದು ಎನ್ನುತ್ತಿದ್ದೆ. "ಸಾಯೋನ್ಗೂ ಬಾಯಿಗ್ ನೀರ್ ಬುಡ್ತಾರೆ." ಸಾಯುವಾಗ ಬಿಡುತ್ತೇನೆ, ಈಗ ನಡಿ ಎನ್ನುತ್ತಿದ್ದೆ. ಗಾಡಿಯವನು ಮಚ್ಚು ಹಿಡಿದು ನನ್ನನ್ನು ಪಿಶಾಚಿಯ ಹಾಗೆ ನೋಡುತ್ತಿದ್ದ. ಮಗನೋ ಮೊಮ್ಮಗನೋ ಅಷ್ಟು ಕೇಳಿದರೂ ಒಂದು ಎಳನೀರು ಕೊಡಿಸದ ಜಿಪುಣ ಮುದುಕಿ ಎಂದು.

ತೂಕ ಇಳಿಯಿತು. ಹಾಸನದ ದಿನಗಳಿಗೆ ಮೇಲ್ವಿಚಾರಕಿಯ ಕೈಕಾಲು ಹಿಡಿದು ಅವಳು ಕೆಲಸ ಉಳಿಸಿಕೊಂಡಿದ್ದಾಳೆ. ಇಷ್ಟೇ ಹೇಳಿದರೆ ನಾನು ಗೆದ್ದ ಹಾಗೆ ಕೇಳುತ್ತದೆ. ಆದರೆ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಅವನ ನರ ಹಗ್ಗದ ಗಂಟಿನಂತೆ ಎದ್ದಿದೆ. ಮುಖ ಕಪ್ಪಾಗಿದೆ. ಮರ ಹತ್ತುತ್ತಿದ್ದ ತೊಡೆ ನನ್ನ ತೋಳಿನಷ್ಟಾಗಿದೆ. ಯಂತ್ರದಿಂದ ಇಳಿದ ದಿನ ಮಲಗುತ್ತಾನೆ, ಮರುದಿನ ಸ್ವಲ್ಪ ಕೂರುತ್ತಾನೆ, ಅದರ ಮರುದಿನ ಮತ್ತೆ ಬಸ್ಸು.

ಕಳೆದ ಶನಿವಾರ ಬಿಸಿಲು ಬೆಂಕಿಯಾಗಿತ್ತು. ಬಸ್ಸು ತಡ. ಗಾಡಿಯ ಪಕ್ಕದಲ್ಲಿ ಮಾತ್ರ ನೆರಳಿತ್ತು, ಅಲ್ಲೇ ಕಲ್ಲಿನ ಮೇಲೆ ಕೂತೆವು. ಅವನು ಕೇಳಲಿಲ್ಲ. ಬಹಳ ದಿನದಿಂದ ಕೇಳುವುದನ್ನು ಬಿಟ್ಟಿದ್ದಾನೆ. ಸ್ವಲ್ಪ ಹೊತ್ತಾದ ಮೇಲೆ ಗೊನೆಯ ಕಡೆ ಬೆರಳು ತೋರಿಸಿ, "ಆ ಎಡಗಡೆದು ನೋಡಜ್ಜಿ, ತಿಳಿ ಹಸ್ರುದು. ಅದ್ರಲ್ ನೀರು ಜಾಸ್ತಿ ಇರ್ತದೆ, ಗಂಜಿ ಇನ್ನೂ ಕಟ್ಟಿರಲ್ಲ," ಎಂದ.

"ನಂಗ್ಯಾಕೆ ಹೇಳ್ತೀಯ?"

"ನೀನ್ ಕುಡಿ."

"ನಂಗ್ ಬ್ಯಾಡ."

"ಬೆಳಿಗ್ಗೆಯಿಂದ ಏನೂ ಕುಡ್ದಿಲ್ಲ ನೀನು. ನನ್ ಮುಂದೆ ಕುಡೀಬಾರ್ದು ಅಂತ ಬಾಟ್ಲಿನೂ ತರಲ್ಲ, ನಂಗೊತ್ತಿಲ್ವಾ? ಕುಡಿ ಅಜ್ಜಿ. ನಾನ್ ನೋಡ್ತೀನಿ."

ನಾನು ಬೈದೆ. ಹುಚ್ಚು ಹಿಡಿದಿದೆಯೇನೋ ಎಂದೆ. ಅವನು ಗಾಡಿಯವನಿಗೆ ಕೈ ತೋರಿಸಿ ತಾನೇ ಅದನ್ನು ಕೊಚ್ಚಿಸಿದ. "ಮೇಲಿಂದ ಇನ್ನೊಂದ್ ಏಟ್ ಕೊಡಿ, ಓರೆಗೆ" ಎಂದು ಅವನಿಗೇ ಕಲಿಸಿದ. ಕೊಳವೆ ಹಾಕಿ ನನ್ನ ಕೈಗಿಟ್ಟ.

ಕುಡಿದೆ. ಅವನು ನನ್ನ ಗಂಟಲನ್ನೇ ನೋಡುತ್ತಿದ್ದ.

"ಹೆಂಗೈತೆ?"

ಸಪ್ಪೆ, ಚೆನ್ನಾಗಿಲ್ಲ ಎಂದು ಹೇಳಬೇಕೆಂದುಕೊಂಡೆ. ಮರ ಹತ್ತುವವನಿಗೆ ಎಂಥ ಸುಳ್ಳು ಹೇಳುವುದು?

"ಸಿಹಿ ಐತೆ" ಎಂದೆ. ಪೂರ್ತಿ ಕುಡಿದು ಮುಗಿಸಿದೆ. ಅವನು ಬುರುಡೆಯನ್ನು ನನ್ನ ಕೈಯಿಂದ ಇಸಿದುಕೊಂಡು, ಒಂದು ಸಲ ಅಲ್ಲಾಡಿಸಿ, ಒಳಗೆ ಏನೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಕಸದ ರಾಶಿಗೆ ಎಸೆದ.